ಕಾಲು ಊತಕ್ಕೆ ಕಂಪ್ರೆಷನ್ ಸಾಕ್ಸ್: ಆಯ್ಕೆ, ಅಳತೆ, ಆರೈಕೆ – ಕೊಡಗಿನವರಿಗೊಂದು ಸಮಗ್ರ ಮಾರ್ಗದರ್ಶಿ

ಬೆಳಿಗ್ಗೆ ಸಲೀಸಾಗಿ ಹೋದ ಚಪ್ಪಲಿ ಸಂಜೆ ಬಿಗಿಯುತ್ತದೆ. ಗಂಬೂಟು ಕಳಚಿದರೆ ಅದರ ಬಾಯಿಯ ಗುರುತು ಕಾಲಿನ ಸುತ್ತ ಬಳೆಯ ಹಾಗೆ ಮೂಡಿರುತ್ತದೆ. ಮೀನಖಂಡ ಭಾರ, ಒಳಗೆ ಜಗ್ಗುವ ನೋವು, ಕೆಲವರಿಗೆ ಚರ್ಮದ ಕೆಳಗೆ ಹಸಿರು ನೀಲಿ ನರಗಳ ಗಂಟು. ಇಂಥ ಕಾಲಿಗೆ ವೈದ್ಯರು 'ವೆರಿಕೋಸ್ ಸಾಕ್ಸ್ ಹಾಕಿ' ಎನ್ನುತ್ತಾರೆ, ಅಂದರೆ ಕಾಲನ್ನು ಒತ್ತಿಹಿಡಿಯುವ ಕಂಪ್ರೆಷನ್ ಸಾಕ್ಸ್. ಮೆಡಿಕಲ್ ಶಾಪಿಗೆ ಹೋದರೆ 'ಸೈಜ್ ಎಷ್ಟು?' ಎನ್ನುತ್ತಾರೆ. ಚಪ್ಪಲಿಯ ನಂಬರ್ ಹೇಳಿ, ಅಂದಾಜಿನ ಮೇಲೆ ಒಂದು ಜೋಡಿ ತಂದು, ಎರಡು ದಿನ ಒದ್ದಾಡಿ, ಮೂರನೇ ದಿನ ಅದನ್ನು ಬೀರುವಿಗೆ ಸೇರಿಸುವುದು ಇದರ ಮುಂದಿನ ಕತೆ.

ಈ ಸಾಕ್ಸ್ ಹಿತವಾಗಿರುವುದು ಬಟ್ಟೆಯ ಮೆದುತನದಿಂದಲ್ಲ, ಅಳತೆಯಿಂದ. ಒಳ್ಳೆಯ ಕಂಪನಿಯ ದುಬಾರಿ ಸಾಕ್ಸ್ ಕೂಡ ಅಳತೆ ತಪ್ಪಿದರೆ ಕಾಲಿಗೆ ಕಟ್ಟಿದ ಹಗ್ಗವಾಗುತ್ತದೆ. ಅಳತೆ ಸರಿಯಿದ್ದರೆ ಸಾಧಾರಣ ಜೋಡಿಯೂ ದಿನವಿಡೀ ಮೈಮೇಲಿದೆ ಎಂಬುದೇ ಮರೆತುಹೋಗುತ್ತದೆ. ಹಾಗಾಗಿ ಇಲ್ಲಿ ಅಳತೆಗೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಅದಕ್ಕೂ ಮುಂಚೆ ತಿಳಿದಿರಲೇಬೇಕಾದ ಎರಡು ಸಂಗತಿಗಳಿವೆ: ಸಾಕ್ಸ್ ಕಾಲಿಗೆ ಏನು ಮಾಡುತ್ತದೆ, ಯಾರು ಇದನ್ನು ಹಾಕಬಾರದು.

ಕಾಲಿನಲ್ಲಿ ರಕ್ತ ನಿಲ್ಲುವುದು ಯಾಕೆ

ಹೃದಯದಿಂದ ಪಾದಕ್ಕೆ ಇಳಿದ ರಕ್ತ ಮತ್ತೆ ಮೇಲಕ್ಕೆ ಹತ್ತಬೇಕು. ಹತ್ತಿಸುವ ಕೆಲಸ ಮುಖ್ಯವಾಗಿ ಮೀನಖಂಡದ ಸ್ನಾಯುಗಳದು. ಹೆಜ್ಜೆ ಹಾಕಿದಾಗಲೆಲ್ಲ ಆ ಸ್ನಾಯು ಬಿಗಿದು ಒಳಗಿನ ಅಭಿಧಮನಿಗಳನ್ನು (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳು, ಆಡುಮಾತಿನ 'ನರ') ಹಿಂಡುತ್ತದೆ, ರಕ್ತ ಮೇಲೇರುತ್ತದೆ. ಏರಿದ್ದು ಮತ್ತೆ ಇಳಿಯದ ಹಾಗೆ ಅಭಿಧಮನಿಯೊಳಗೆ ಚಿಕ್ಕ ಚಿಕ್ಕ ಕವಾಟಗಳಿವೆ. ಅಲುಗಾಡದೆ ನಿಂತವರ ಕಣಕಾಲಿನ ಅಭಿಧಮನಿಯಲ್ಲಿ ಒತ್ತಡ ಸುಮಾರು 80ರಿಂದ 90 ಮಿ.ಮೀ. ಪಾದರಸದಷ್ಟಿರುತ್ತದೆ. ಆರೋಗ್ಯವಂತರು ನಡೆಯಲು ಶುರುಮಾಡಿದರೆ ಅದು 30ಕ್ಕಿಂತ ಕೆಳಗೆ ಇಳಿಯುತ್ತದೆ. ಕವಾಟ ಸಡಿಲಾದವರಲ್ಲಿ ನಡೆದರೂ ಅಷ್ಟು ಇಳಿಯುವುದಿಲ್ಲ. ಆ ಒತ್ತಡಕ್ಕೆ ನೀರಿನಂಶ ರಕ್ತನಾಳದಿಂದ ಹೊರಗೆ ಒಸರಿ ಮಾಂಸದಲ್ಲಿ ಸೇರುತ್ತದೆ. ಅದೇ ಊತ.

ತೋಟದಲ್ಲಿ ಏರು ಇಳಿಜಾರು ನಡೆಯುವವರಿಗಿಂತ ಒಂದೇ ಕಡೆ ನಿಲ್ಲುವವರ ಕಾಲು ಹೆಚ್ಚು ಊದುವುದು ಇದಕ್ಕೇ. ಕಾಳುಮೆಣಸು ಕೊಯ್ಯುವಾಗ ಏಣಿಯ ಮೆಟ್ಟಿಲಿನ ಮೇಲೆ ಗಂಟೆಗಟ್ಟಲೆ ನಿಲ್ಲುವವರು, ಅಂಗಡಿಯ ಕೌಂಟರಿನಲ್ಲಿ ನಿಲ್ಲುವವರು, ಹೋಂಸ್ಟೇ ಅಡುಗೆಮನೆಯಲ್ಲಿ ನಿಲ್ಲುವವರು, ಕಾಲು ಇಳಿಬಿಟ್ಟು ಕೂತು ಕಾಫಿಬೀಜ ಆರಿಸುವವರು – ಇವರೆಲ್ಲರ ಮೀನಖಂಡಕ್ಕೂ ಕೆಲಸವೇ ಇಲ್ಲ.

ಕಂಪ್ರೆಷನ್ ಸಾಕ್ಸ್ ಕಣಕಾಲಿನ ಬಳಿ ಅತಿ ಹೆಚ್ಚು ಒತ್ತುತ್ತದೆ, ಮೇಲೆ ಹೋದಂತೆ ಒತ್ತಡ ಕಡಿಮೆಯಾಗುತ್ತದೆ. ಹಿಗ್ಗಿದ ಅಭಿಧಮನಿ ಕಿರಿದಾಗಿ ಕವಾಟದ ಬಾಯಿಗಳು ಹತ್ತಿರ ಬರುತ್ತವೆ. ಮೀನಖಂಡ ಹಿಂಡುವಾಗ ಹೊರಗಿನಿಂದ ಒಂದು ಗಟ್ಟಿ ಗೋಡೆ ಸಿಕ್ಕಂತಾಗುತ್ತದೆ. ಹಾಳಾದ ಕವಾಟವನ್ನು ಇದು ಸರಿಮಾಡುವುದಿಲ್ಲ. ಬಿಚ್ಚಿಟ್ಟರೆ ಊತ ಮರಳುತ್ತದೆ. ಅದು ಸಾಕ್ಸಿನ ದೋಷವಲ್ಲ.

ಕೊಳ್ಳುವ ಮುಂಚೆ: ನಿಮ್ಮ ಊತ ಯಾವ ಬಗೆಯದು

ಕಾಲಿನ ಮುಂದಿನ ಮೂಳೆಯ ಮೇಲೆ ಹೆಬ್ಬೆರಳನ್ನು 10 ಸೆಕೆಂಡ್ ಒತ್ತಿ ತೆಗೆಯಿರಿ. ಗುಳಿ ಬಿದ್ದು ನಿಧಾನವಾಗಿ ತುಂಬಿಕೊಂಡರೆ ಒಳಗೆ ನೀರು ಸೇರಿದೆ ಎಂದರ್ಥ. ಯಾಕೆ ಸೇರಿತು ಎಂಬುದಕ್ಕೆ ಕಾರಣ ಹಲವು.

ಎರಡೂ ಕಾಲು ಸಂಜೆ ಊದಿ ಬೆಳಿಗ್ಗೆ ಇಳಿಯುತ್ತಿದ್ದರೆ, ಕಣಕಾಲಿನ ಒಳಬದಿಯ ಚರ್ಮ ಕಂದುಬಣ್ಣಕ್ಕೆ ತಿರುಗಿ ತುರಿಸುತ್ತಿದ್ದರೆ, ನರಗಳು ಉಬ್ಬಿದ್ದರೆ, ಅಭಿಧಮನಿಯ ತೊಂದರೆ ಇರುವ ಸಂಭವ ಹೆಚ್ಚು. ಸಾಕ್ಸ್ ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲೇ.

ಬಿ.ಪಿ.ಗೆ ಆಮ್ಲೊಡಿಪಿನ್ ಮಾತ್ರೆ ನುಂಗುವ ಅನೇಕರಿಗೆ ಎರಡೂ ಕಣಕಾಲು ಊದುತ್ತದೆ. ಮಾತ್ರೆ ಬದಲಾಯಿಸಿದರೆ ಅಥವಾ ಪ್ರಮಾಣ ತಗ್ಗಿಸಿದರೆ ಇಳಿಯುವ ಊತಕ್ಕೆ ಸಾಕ್ಸ್ ಕೊಳ್ಳುವುದು ದಂಡ. ಆದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನೇ ಕೇಳಿ.

ಮಲಗಿದರೆ ಉಸಿರು ಕಟ್ಟುವುದು, ರಾತ್ರಿ ದಿಂಬು ಏರಿಸಿಕೊಳ್ಳಬೇಕಾಗುವುದು, ಕೆಲವೇ ದಿನಗಳಲ್ಲಿ ತೂಕ ಏರುವುದು ಹೃದಯದ ಸೂಚನೆಗಳು. ಬೆಳಿಗ್ಗೆ ಕಣ್ಣಿನ ಸುತ್ತ ಊತ, ನೊರೆ ನೊರೆಯಾದ ಮೂತ್ರ ಮೂತ್ರಪಿಂಡದ ಸೂಚನೆಗಳು. ಹೊಟ್ಟೆಯೂ ಉಬ್ಬಿದ್ದರೆ ಯಕೃತ್ತನ್ನು ನೋಡಿಸಬೇಕು. ಹೃದಯ ಸೋತು ನೀರು ತುಂಬಿಕೊಂಡಿರುವಾಗ ಬಿಗಿ ಸಾಕ್ಸ್ ಹಾಕಿದರೆ ಕಾಲಿನ ನೀರೆಲ್ಲ ಒಮ್ಮೆಗೇ ಹೃದಯಕ್ಕೆ ಹೊರೆಯಾಗುತ್ತದೆ. ಇವರಿಗೆ ಮೊದಲು ಚಿಕಿತ್ಸೆ, ಸಾಕ್ಸಿನ ಮಾತು ಆಮೇಲೆ.

ಒಂದೇ ಕಾಲು ದಪ್ಪಗಾಗಿ, ಪಾದದ ಮೇಲ್ಭಾಗವೂ ಊದಿ, ಎರಡನೇ ಬೆರಳಿನ ಬುಡದ ಚರ್ಮವನ್ನು ಚಿವುಟಿ ಎತ್ತಲು ಬಾರದಿದ್ದರೆ ಅದು ದುಗ್ಧರಸ (ಲಿಂಫ್ ಎಂಬ ದ್ರವ) ಹರಿಯದೆ ನಿಂತ ಊತ. ಆನೆಕಾಲು ರೋಗ ಇದರ ಒಂದು ರೂಪ. ಅಂಗಡಿಯ ಮಾಮೂಲಿ ಸಾಕ್ಸ್ ಇದಕ್ಕೆ ಸಾಲದು. ಮೊದಲು ಬ್ಯಾಂಡೇಜ್ ಕಟ್ಟಿ ಊತ ಇಳಿಸಿ, ಬಳಿಕ ಆ ಕಾಲಿಗೇ ಅಳತೆ ಕೊಟ್ಟು ಗಟ್ಟಿ ಹೆಣಿಗೆಯ ಸಾಕ್ಸ್ ಮಾಡಿಸಬೇಕು.

ಒಂದೇ ಕಾಲು ದಿಢೀರನೆ ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಶಸ್ತ್ರಚಿಕಿತ್ಸೆ, ಹೆರಿಗೆ, ಮೂಳೆ ಮುರಿತ, ದೀರ್ಘ ಪ್ರಯಾಣದ ನಂತರ ಹೀಗಾದರೆ ಇನ್ನೂ ಎಚ್ಚರ ಬೇಕು. ಕಾಲು ಉಜ್ಜಬೇಡಿ, ಎಣ್ಣೆ ಹಚ್ಚಿ ನೀವಿಸಬೇಡಿ. ಅದೇ ದಿನ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಆಗಬೇಕು. ಜೊತೆಗೆ ಎದೆನೋವು ಅಥವಾ ಉಸಿರಾಟದ ಕಷ್ಟ ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಗರ್ಭಿಣಿಯರ ಕಾಲು ಊದುವುದು ಸಾಮಾನ್ಯ, ಸಾಕ್ಸ್ ಹಿತವನ್ನೂ ಕೊಡುತ್ತದೆ. ಆದರೆ 20 ವಾರದ ಬಳಿಕ ಮುಖ ಮತ್ತು ಕೈ ಒಮ್ಮೆಲೇ ಊದಿ, ತಲೆನೋವು ಬಂದು, ಕಣ್ಣು ಮಂಜಾದರೆ ನೇರ ಆಸ್ಪತ್ರೆಗೆ ಹೋಗಬೇಕು.

ಪಾದಕ್ಕೆ ರಕ್ತ ಇಳಿಯುತ್ತಿದೆಯೇ?

'ರಕ್ತಸಂಚಾರ ಸರಿಯಿಲ್ಲ' ಎಂಬ ಒಂದೇ ಮಾತಿನಲ್ಲಿ ಎರಡು ವಿರುದ್ಧ ರೋಗಗಳು ಅಡಗಿವೆ. ಮೇಲೇರದ ರಕ್ತಕ್ಕೆ ಸಾಕ್ಸ್ ಮದ್ದು. ಕೆಳಗೇ ಇಳಿಯದ ರಕ್ತಕ್ಕೆ, ಅಂದರೆ ಹೃದಯದಿಂದ ರಕ್ತ ತರುವ ಅಪಧಮನಿ ಕಟ್ಟಿದ ಕಾಲಿಗೆ, ಅದೇ ಸಾಕ್ಸ್ ಅಪಾಯ. ಬರುತ್ತಿರುವ ಸ್ವಲ್ಪ ರಕ್ತವನ್ನೂ ಅದು ತಡೆದು ಬೆರಳು ಕಪ್ಪಾಗುವ ಸ್ಥಿತಿಗೆ ತರಬಹುದು.

ಬೀಡಿ, ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರು, 60 ದಾಟಿದವರು ಇದನ್ನು ನೋಡಿಸದೆ ಬಿಗಿ ಸಾಕ್ಸ್ ಮುಟ್ಟಬಾರದು. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದು, ಎರಡು ನಿಮಿಷ ನಿಂತರೆ ಬಿಡುತ್ತದೆಯೇ? ಪಾದ ತಣ್ಣಗಿದ್ದು, ಕೂದಲು ಉದುರಿ ಚರ್ಮ ಹೊಳೆಯುತ್ತಿದೆಯೇ? ರಾತ್ರಿ ಪಾದ ನೋವಾಗಿ, ಮಂಚದಿಂದ ಇಳಿಬಿಟ್ಟರೆ ಹಾಯೆನಿಸುತ್ತದೆಯೇ? ಬೆರಳ ತುದಿಯಲ್ಲಿ ಮಾಯದ ಗಾಯವಿದೆಯೇ? ಒಂದಕ್ಕೆ ಹೌದೆಂದರೂ ಪರೀಕ್ಷೆ ಬೇಕು.

ಪರೀಕ್ಷೆ ಸರಳ. ಕಣಕಾಲಿನ ರಕ್ತದೊತ್ತಡವನ್ನು ಪುಟ್ಟ ಡಾಪ್ಲರ್ ಯಂತ್ರದಿಂದ ಅಳೆದು ತೋಳಿನ ರಕ್ತದೊತ್ತಡದಿಂದ ಭಾಗಿಸುತ್ತಾರೆ. ತೋಳಿನಲ್ಲಿ 130, ಕಣಕಾಲಿನಲ್ಲಿ 117 ಇದ್ದರೆ ಅನುಪಾತ 0.9. ಇದನ್ನು 'ಎಬಿಐ' ಅಥವಾ 'ಎಬಿಪಿಐ' ಎನ್ನುತ್ತಾರೆ. 0.8ರಿಂದ 1.3ರ ನಡುವೆ ಇದ್ದರೆ ಸಾಮಾನ್ಯವಾಗಿ ಸಾಕ್ಸ್ ಹಾಕಬಹುದು. 0.5ರಿಂದ 0.8ರ ನಡುವೆ ತಜ್ಞರ ಕಣ್ಗಾವಲಿನಲ್ಲಿ ಹಗುರ ಒತ್ತಡ ಮಾತ್ರ. 0.5ಕ್ಕಿಂತ ಕಡಿಮೆಯಾದರೆ ಬೇಡವೇ ಬೇಡ. 1.3 ದಾಟಿದರೆ ಚೆನ್ನಾಗಿದೆ ಎಂದಲ್ಲ. ಸಕ್ಕರೆ ಕಾಯಿಲೆಯಲ್ಲಿ ಅಪಧಮನಿ ಸುಣ್ಣಗಟ್ಟಿ ಗಡುಸಾಗಿ ಸುಳ್ಳು ಅಂಕಿ ಕೊಡುತ್ತದೆ. ಆಗ ಕಾಲುಬೆರಳಿನ ರಕ್ತದೊತ್ತಡ ನೋಡಬೇಕು. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಜಿಲ್ಲಾ ಆಸ್ಪತ್ರೆಯಿದೆ, ರಕ್ತನಾಳ ತಜ್ಞರಿಗಾಗಿ ಮೈಸೂರಿಗೆ ಹೋಗುವವರೂ ಉಂಟು. ಎಲ್ಲಿ ಹೋದರೂ 'ಸಾಕ್ಸ್ ಹಾಕುವ ಮುಂಚೆ ಎಬಿಐ ನೋಡಬೇಕೇ?' ಎಂದು ಬಾಯಿಬಿಟ್ಟು ಕೇಳಿ.

ಇನ್ನೂ ಇಬ್ಬರು ಕಾಯಬೇಕು: ಕಾಲು ಕೆಂಪಾಗಿ, ಬಿಸಿಯಾಗಿ ಜ್ವರ ಬಂದವರು, ಅಂಗಾಲಿಗೆ ಸ್ಪರ್ಶವೇ ತಿಳಿಯದವರು. ಸ್ಪರ್ಶವಿಲ್ಲದ ಕಾಲಿಗೆ ಸಾಕ್ಸಿನ ಒಂದು ಸುಕ್ಕು ಕೊರೆದು ಹುಣ್ಣಾದರೂ ಗೊತ್ತಾಗುವುದಿಲ್ಲ.

ಎಷ್ಟು ಒತ್ತಡ ಬೇಕು

ಪೆಟ್ಟಿಗೆಯ ಮೇಲೆ ಒತ್ತಡವನ್ನು 'ಎಂಎಂ ಎಚ್‌ಜಿ' (ಮಿ.ಮೀ. ಪಾದರಸ) ಲೆಕ್ಕದಲ್ಲಿ ಬರೆದಿರುತ್ತಾರೆ. ಅದು ಕಣಕಾಲಿನ ಬಳಿಯ ಒತ್ತಡ.

15–20: ನಿಂತು ಕೂತು ಬರುವ ಸಂಜೆಯ ಊತ, ಪ್ರಯಾಣ, ಬಸುರಿಯರ ಕಾಲುಭಾರ, ಶುರುವಿನ ನರ ಉಬ್ಬಿಗೆ ಇದು ಸಾಕು. ಮೊದಲ ಸಲ ಹಾಕುವವರಿಗೆ ನಮ್ಮ ಆಯ್ಕೆ ಇದೇ.

20–30: ನರ ಚೆನ್ನಾಗಿ ಉಬ್ಬಿ, ದಿನವೂ ಊತ ಬರುವವರಿಗೆ, ಚರ್ಮ ಕಂದಾದವರಿಗೆ. ವೈದ್ಯರು ಹೇಳಿದ ಮೇಲೆ ಮಾತ್ರ.

30–40: ಹಳೆಯ ಹುಣ್ಣು ಮಾಗಿದ ಕಾಲು, ತೀವ್ರ ಊತ. ವೈದ್ಯರ ಚೀಟಿಯಿಲ್ಲದೆ ಕೊಳ್ಳಲೇಬೇಡಿ.

'ಕ್ಲಾಸ್ 1', 'ಕ್ಲಾಸ್ 2' ಎಂಬ ಬರಹವನ್ನಷ್ಟೇ ನಂಬಬೇಡಿ. ಜರ್ಮನ್ ಪದ್ಧತಿಯಲ್ಲಿ ಕ್ಲಾಸ್ 2 ಎಂದರೆ 23–32, ಬ್ರಿಟಿಷ್ ಪದ್ಧತಿಯಲ್ಲಿ 18–24. ಒಂದೇ ಹೆಸರು, ಬೇರೆ ಒತ್ತಡ. ಅಂಕಿಯನ್ನೇ ನೋಡಿ. ಅಂಕಿಯೇ ಇಲ್ಲದೆ 'ವೆರಿಕೋಸ್' ಎಂದಷ್ಟೇ ಬರೆದಿದ್ದರೆ ಅಲ್ಲೇ ಬಿಡಿ.

ಶಸ್ತ್ರಚಿಕಿತ್ಸೆಯ ನಂತರ ಆಸ್ಪತ್ರೆಯಲ್ಲಿ ಹಾಕಿ ಕಳಿಸುವ ಬಿಳಿ ಸಾಕ್ಸನ್ನು ಮನೆಯವರೆಲ್ಲ ಬಳಸುವುದುಂಟು. ಅದು ಹಾಸಿಗೆಯಲ್ಲಿ ಮಲಗಿದವರಿಗೆಂದು ಮಾಡಿದ್ದು, ಕಣಕಾಲಿನಲ್ಲಿ ಸುಮಾರು 18 ಮಾತ್ರ. ತೋಟದಲ್ಲಿ ನಡೆದಾಡುವ ಕಾಲಿನ ನರ ಉಬ್ಬಿಗೆ ಅದು ಮದ್ದಲ್ಲ.

ಒಂದು ಮಾತು ಒತ್ತಿ ಹೇಳಬೇಕು. ಹೆಚ್ಚು ಬಿಗಿಯಾದದ್ದು ಹೆಚ್ಚು ಒಳ್ಳೆಯದಲ್ಲ. 30ರ ಸಾಕ್ಸ್ ಬೀರುವಿನಲ್ಲಿರುವುದಕ್ಕಿಂತ 15ರದು ದಿನವೂ ಕಾಲಿನಲ್ಲಿರುವುದು ಎಷ್ಟೋ ಮೇಲು. ಬಾಗಲು ಬಾರದ ಹಿರಿಯರಿಗೆ ಗಟ್ಟಿ ಸಾಕ್ಸ್ ಬದಲು ಎರಡು ತೆಳು ಸಾಕ್ಸನ್ನು ಒಂದರ ಮೇಲೊಂದು ಹಾಕಿಸುವ ಉಪಾಯವೂ ಇದೆ. ಒತ್ತಡ ಹೆಚ್ಚುಕಡಿಮೆ ಕೂಡುತ್ತದೆ, ಹಾಕುವ ಕಷ್ಟ ಅರ್ಧವಾಗುತ್ತದೆ. ವೈದ್ಯರನ್ನು ಕೇಳಿಯೇ ಮಾಡಿ.

ಉದ್ದ, ಬೆರಳು, ಬಟ್ಟೆ

ಮಂಡಿಯ ಕೆಳಗಿನವರೆಗೆ ಬರುವ ಸಾಕ್ಸ್ ಹೆಚ್ಚಿನವರಿಗೆ ಸಾಕು. ತೊಡೆಯವರೆಗಿನದು ಬೆವರಿಗೆ ಜಾರುತ್ತದೆ, ಮಂಡಿಯ ಹಿಂದೆ ಸುಕ್ಕುಗಟ್ಟಿ ಕೊರೆಯುತ್ತದೆ, ಮೇಲಂಚಿನ ಸಿಲಿಕೋನ್ ಪಟ್ಟಿ ಕೆಲವರಿಗೆ ತುರಿಕೆ ತರುತ್ತದೆ. ತೊಡೆಯ ನರಗಳೂ ಉಬ್ಬಿದ್ದರೆ, ಲೇಸರ್ ಚಿಕಿತ್ಸೆಯಾದ ಹೊಸದರಲ್ಲಿ, ವೈದ್ಯರು ಹೇಳಿದರೆ ಮಾತ್ರ ಅದನ್ನು ಕೊಳ್ಳಿ.

ಬೆರಳು ತೆರೆದ ಸಾಕ್ಸ್ ನಮ್ಮ ಒದ್ದೆ ಊರಿಗೆ ಹೆಚ್ಚು ಹೊಂದುತ್ತದೆ. ಬೆರಳ ಸಂದಿಗೆ ಗಾಳಿಯಾಡುತ್ತದೆ, ಬೆರಳ ಬಣ್ಣ ನೋಡಬಹುದು, ಚಪ್ಪಲಿಯೂ ಹಾಕಬಹುದು. ಪಾದದ ಮುಂಭಾಗವೇ ಊದುವವರಿಗೆ ಮುಚ್ಚಿದ್ದು ಲೇಸು. ತೆರೆದದ್ದಾದರೆ ಅಂಚಿನಿಂದ ಆಚೆ ಬೆರಳು ಉಬ್ಬಿಕೊಳ್ಳುತ್ತದೆ.

ಬಟ್ಟೆಯಲ್ಲಿ ನೈಲಾನ್ ಮತ್ತು ಎಲಾಸ್ಟಿಕ್ ನೂಲಿನ ಮಿಶ್ರಣ ತೆಳು, ಬೇಗ ಒಣಗುತ್ತದೆ, ಹಾಕಲು ಸುಲಭ. ಹತ್ತಿ ಬೆರೆತದ್ದು ಚರ್ಮಕ್ಕೆ ಹಿತ, ಆದರೆ ದಪ್ಪ, ಜುಲೈ ತಿಂಗಳಲ್ಲಿ ಒಣಗುವುದಿಲ್ಲ. ಭಾಗಮಂಡಲ, ನಾಪೋಕ್ಲು ಕಡೆ ಇರುವವರು ತೆಳು ನೈಲಾನಿನದನ್ನೇ ನೋಡಲಿ. ಕುಶಾಲನಗರದ ಬಿಸಿಲಿಗೆ ಹತ್ತಿಯದೂ ನಡೆದೀತು.

ಅಳತೆ: ಹತ್ತು ನಿಮಿಷದ ಕೆಲಸ

ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಅಳೆಯಬೇಕು. ಸಂಜೆ ಊದಿದ ಕಾಲು ಅಳೆದು ಕೊಂಡರೆ ಬೆಳಿಗ್ಗೆ ಅದು ಸಡಿಲ, ಒತ್ತಡವೇ ಇರುವುದಿಲ್ಲ. ಅಂಗಡಿಗೆ ಮಧ್ಯಾಹ್ನದ ಬಸ್ಸಿನಲ್ಲಿ ಹೋಗಿ ಅಲ್ಲಿ ಅಳೆಸುವುದೂ ಇದೇ ತಪ್ಪು. ಮನೆಯಲ್ಲೇ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಟೈಲರ್ ಬಳಸುವ ಬಟ್ಟೆ ಟೇಪು, ಒಂದು ಪೆನ್ನು, ಜೊತೆಗೊಬ್ಬರು ಬೇಕು. ಸ್ವತಃ ಬಾಗಿ ಅಳೆದರೆ ಸ್ನಾಯು ಬಿಗಿದು ಅಂಕಿ ಬದಲಾಗುತ್ತದೆ.

1. ಕುರ್ಚಿಯಲ್ಲಿ ಕೂತು, ಮಂಡಿ ನೇರ ಕೋನಕ್ಕೆ ಮಡಚಿ, ಪಾದ ನೆಲಕ್ಕೆ ಚಪ್ಪಟೆಯಾಗಿ ಊರಿ.

2. ಕಣಕಾಲಿನ ಎರಡು ಉಬ್ಬು ಮೂಳೆಗಳ ಸ್ವಲ್ಪ ಮೇಲೆ, ಕಾಲು ಅತಿ ಸಣ್ಣಗಿರುವ ಜಾಗದಲ್ಲಿ ಸುತ್ತಳತೆ ತೆಗೆಯಿರಿ. ಇದೇ ಮುಖ್ಯ ಅಳತೆ. ಇಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೂ ಸೈಜ್ ತಪ್ಪಬಹುದು. ಮೂಳೆಯ ಮೇಲೆಯೇ ಟೇಪು ಸುತ್ತುವುದು ಎಲ್ಲರೂ ಮಾಡುವ ತಪ್ಪು.

3. ಮೀನಖಂಡ ಅತಿ ದಪ್ಪಗಿರುವ ಕಡೆ ಸುತ್ತಳತೆ. ಟೇಪನ್ನು ಮೇಲೆ ಕೆಳಗೆ ಸರಿಸಿ ದೊಡ್ಡ ಅಂಕಿಯನ್ನು ಹುಡುಕಿ.

4. ಹಿಮ್ಮಡಿಯ ಕೆಳಗಿನ ನೆಲದಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ ಉದ್ದ. ಸಾಕ್ಸಿನ ಮೇಲಂಚು ಆ ಮಡಿಕೆಗಿಂತ ಎರಡು ಬೆರಳು ಕೆಳಗೆ ನಿಲ್ಲಬೇಕು.

5. ತೊಡೆಯ ಸಾಕ್ಸ್ ಆದರೆ ನಿಂತುಕೊಂಡು ತೊಡೆಯ ಮೇಲ್ಭಾಗದ ಸುತ್ತಳತೆ, ನೆಲದಿಂದ ಅಲ್ಲಿಯವರೆಗಿನ ಉದ್ದವೂ ಬೇಕು.

ಟೇಪು ಚರ್ಮಕ್ಕೆ ತಾಗಿರಬೇಕು, ಅದುಮಬಾರದು. ಎರಡೂ ಕಾಲುಗಳನ್ನು ಬೇರೆ ಬೇರೆ ಅಳೆದು, ಪ್ರತಿಯೊಂದನ್ನೂ ಎರಡು ಸಲ ನೋಡಿ ಬರೆಯಿರಿ: 'ಬಲ: ಕಣಕಾಲು 22, ಮೀನಖಂಡ 36, ಉದ್ದ 39. ಎಡ: 23.5, 38, 39.' ಈ ಎರಡು ಕಾಲು ಒಂದೇ ಸೈಜಿಗೆ ಬರದಿದ್ದರೆ ಎರಡು ಸೈಜಿನವು ಬೇಕು, ಖರ್ಚಾದರೂ ಸರಿ.

ಪೆಟ್ಟಿಗೆಯ ಹಿಂದಿನ ಪಟ್ಟಿಯಲ್ಲಿ ಮೊದಲು ಕಣಕಾಲಿನ ಅಂಕಿಯನ್ನು ಹುಡುಕಿ, ಆಮೇಲೆ ಮೀನಖಂಡ, ಕೊನೆಗೆ ಉದ್ದ. ಒಂದು ಕಂಪನಿಯ ಎಂ ಇನ್ನೊಂದರ ಎಲ್ ಆಗಿರಬಹುದು, ಆದ್ದರಿಂದ ಹಳೆಯ ಜೋಡಿಯ ಅಕ್ಷರ ನೆನಪಿಟ್ಟುಕೊಂಡು ಪ್ರಯೋಜನವಿಲ್ಲ. ಕಣಕಾಲು ಎಂ, ಮೀನಖಂಡ ಎಕ್ಸ್‌ಎಲ್ ಎಂದು ಬಂದರೆ 'ಮಧ್ಯದ ಎಲ್ ಕೊಡಿ' ಎನ್ನಬೇಡಿ. ಅದು ಕೆಳಗೆ ಸಡಿಲ, ಮೇಲೆ ಬಿಗಿಯಾಗಿ, ಇರಬೇಕಾದ್ದಕ್ಕೆ ತಿರುವುಮುರುವು ಆಗುತ್ತದೆ. ನೀರು ಕೆಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಬೇರೆ ಕಂಪನಿಯ ಪಟ್ಟಿ ನೋಡಿ, ಇಲ್ಲವೇ ಅಳತೆ ಕೊಟ್ಟು ಮಾಡಿಸಿ.

ಕಣಕಾಲು ತೀರಾ ಕಡ್ಡಿಯಂತಿರುವ ವಯಸ್ಸಾದವರಲ್ಲಿ ಇನ್ನೊಂದು ತೊಂದರೆ ಇದೆ. ಎಲಾಸ್ಟಿಕ್ಕಿನ ಎಳೆತ ಒಂದೇ ಆದರೂ ಸಣ್ಣ ಸುತ್ತಿನ ಮೇಲೆ ಒತ್ತಡ ಹೆಚ್ಚು, ದೊಡ್ಡ ಸುತ್ತಿನ ಮೇಲೆ ಕಡಿಮೆ. ಹಾಗಾಗಿ ಮುಂದಿನ ಮೂಳೆಯ ಏಣು, ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿನ ಮೇಲೆ ಚರ್ಮ ಕೆಂಪಾಗುತ್ತದೆ. ಅಲ್ಲಿ ಮೆತ್ತನೆಯ ಹತ್ತಿಯ ಪಟ್ಟಿ ಇಟ್ಟು ಸುತ್ತನ್ನು ದುಂಡಗೆ ಮಾಡಿ ಹಾಕಿಸುತ್ತಾರೆ.

ಕೊಳ್ಳುವಾಗ ಪೆಟ್ಟಿಗೆಯಲ್ಲಿ ಒಂದು ಕಾಲಿನದಿದೆಯೋ ಜೋಡಿಯೋ ನೋಡಿ. ಬದಲಾಯಿಸಿ ಕೊಡುತ್ತಾರೆಯೇ ಎಂದು ದುಡ್ಡು ಕೊಡುವ ಮುಂಚೆ ಕೇಳಿ, ಏಕೆಂದರೆ ಒಡೆದ ಪ್ಯಾಕೆಟ್ ವಾಪಸ್ ತೆಗೆದುಕೊಳ್ಳದ ಅಂಗಡಿಗಳಿವೆ. ಆನ್‌ಲೈನ್ ತರಿಸುವುದಾದರೂ ಅಳತೆಯ ಚೀಟಿ ಎದುರಿಟ್ಟುಕೊಂಡೇ ತರಿಸಿ. ಮೊದಲು ಒಂದೇ ಜೋಡಿ, ಅದು ಹೊಂದಿದ ಮೇಲೆ ಉಳಿದವು.

ಹಾಕುವ ಕ್ರಮ

ಹಾಸಿಗೆಯಿಂದ ಇಳಿಯುವ ಮುಂಚೆ ಹಾಕುವುದು ಉತ್ತಮ. ಎದ್ದು ಓಡಾಡಿಬಿಟ್ಟಿದ್ದರೆ 15–20 ನಿಮಿಷ ಕಾಲನ್ನು ದಿಂಬಿನ ಮೇಲೆ, ಎದೆಯ ಮಟ್ಟಕ್ಕಿಂತ ಎತ್ತರಿಸಿ ಮಲಗಿ. ಸ್ನಾನವಾದ ಕೂಡಲೇ ಹಾಕಲು ಹೋದರೆ ಒದ್ದೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಪೂರ್ತಿ ಒರೆಸಿ, ಬೇಕಿದ್ದರೆ ಸ್ವಲ್ಪ ಪೌಡರ್ ಹಚ್ಚಿ. ಉಂಗುರ ಕಳಚಿ, ಕೈಕಾಲಿನ ಉಗುರು ಕತ್ತರಿಸಿರಲಿ. ಒಡೆದ ಹಿಮ್ಮಡಿ ನೂಲನ್ನು ಕಿತ್ತುಹಾಕುತ್ತದೆ, ಅದಕ್ಕೆ ರಾತ್ರಿಯೇ ಮುಲಾಮು ಹಚ್ಚಿ. ಬೆಳಿಗ್ಗೆ ಎಣ್ಣೆ ಬೇಡ, ಜಾರುತ್ತದೆ, ಎಲಾಸ್ಟಿಕ್ಕೂ ಹಾಳಾಗುತ್ತದೆ.

ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಅರ್ಧ ಕಷ್ಟ ಇದರಲ್ಲೇ ಕಳೆಯುತ್ತದೆ. ಸಾಕ್ಸಿನೊಳಗೆ ಕೈ ತೂರಿಸಿ ಹಿಮ್ಮಡಿಯ ಜಾಗವನ್ನು ಒಳಗಿನಿಂದ ಹಿಡಿದು, ಅಲ್ಲಿಯವರೆಗೆ ಒಳಹೊರಗು ಮಾಡಿ. ಈಗ ಪಾದದ ಭಾಗ ಚೀಲದ ಹಾಗೆ ಒಳಗೆ ಉಳಿದಿರುತ್ತದೆ. ಅದರೊಳಗೆ ಬೆರಳುಗಳನ್ನು ತೂರಿಸಿ, ಎರಡೂ ಬದಿ ಹಿಡಿದು ಹಿಮ್ಮಡಿ ದಾಟಿಸಿ. ಹಿಮ್ಮಡಿಯ ಗುಳಿ ಸರಿಯಾಗಿ ಹಿಮ್ಮಡಿಯ ಮೇಲೆ ಕೂತಮೇಲೆಯೇ ಮುಂದಿನ ಕೆಲಸ. ಉಳಿದ ಭಾಗವನ್ನು ಮೇಲೆ ಮಗುಚಿ, ಅಂಗೈಯಿಂದ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ನೀವಿ. ಮೇಲಂಚು ಹಿಡಿದು ಎಳೆಯುವುದರಿಂದಲೇ ಹೆಚ್ಚಿನ ಸಾಕ್ಸ್ ಹರಿಯುವುದು, ಬಟ್ಟೆಯೆಲ್ಲ ಮೇಲೆ ಸೇರಿ ಅಲ್ಲೇ ಬಿಗಿಯುವುದು.

ಬೆರಳು ತೆರೆದ ಸಾಕ್ಸ್ ಆದರೆ ಪಾದಕ್ಕೆ ನುಣುಪಾದ ಪ್ಲಾಸ್ಟಿಕ್ ಕವರ್ ಹಾಕಿ ಅದರ ಮೇಲೆ ಸಾಕ್ಸ್ ಜಾರಿಸಿ, ಕೊನೆಗೆ ಬೆರಳ ಕಡೆಯಿಂದ ಕವರನ್ನು ಎಳೆದು ತೆಗೆಯಬಹುದು. ಬಾಗಲಾರದವರಿಗೆ ತಂತಿಯ ಚೌಕಟ್ಟಿನ ಸ್ಟ್ಯಾಂಡ್ ಸಿಗುತ್ತದೆ. ಅದೂ ಆಗದವರಿಗೆ ವೆಲ್ಕ್ರೋ ಪಟ್ಟಿಗಳ ಕವಚ ಒಳ್ಳೆಯದು. ಕ್ರೇಪ್ ಬ್ಯಾಂಡೇಜನ್ನು ಕೈಗೆ ಬಂದಂತೆ ಸುತ್ತುವುದು ಇದಕ್ಕೆ ಬದಲಿಯಲ್ಲ. ಕೆಲವೇ ಗಂಟೆಯಲ್ಲಿ ಸಡಿಲಾಗುತ್ತದೆ, ಅಥವಾ ಮೇಲಿನ ಸುತ್ತೇ ಬಿಗಿಯಾಗಿ ಕುಳಿತಿರುತ್ತದೆ.

ಉದ್ದ ಉಳಿದರೆ ಮೇಲಂಚನ್ನು ಮಡಚಬೇಡಿ. ಮಡಚಿದ ಕಡೆ ಬಟ್ಟೆ ಎರಡು ಪದರ, ಒತ್ತಡವೂ ಇಮ್ಮಡಿ, ಮಂಡಿಯ ಕೆಳಗೆ ಹಗ್ಗ ಬಿಗಿದಂತೆ. ಉಳಿದ ಉದ್ದವನ್ನು ಕೆಳಗಿನಿಂದಲೇ ಹಂಚುತ್ತ ಬನ್ನಿ. ಹಂಚಿದರೂ ಉಳಿದರೆ ಉದ್ದದ ಆಯ್ಕೆ ತಪ್ಪಿದೆ.

ಹಾಕಿದ ಅರ್ಧ ಗಂಟೆಗೆ ಕಾಲುಬೆರಳ ಉಗುರನ್ನು ಒತ್ತಿ ಬಿಡಿ. ಬಿಳಿಚಿದ್ದು ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಬೆರಳು ನೀಲಿಯಾದರೆ, ಮರಗಟ್ಟಿದರೆ, ಜುಮ್ಮೆಂದರೆ, ನೋವು ಏರುತ್ತ ಹೋದರೆ ತಕ್ಷಣ ಬಿಚ್ಚಿ. 'ಒಗ್ಗಿಕೊಳ್ಳುತ್ತದೆ' ಎಂದು ತಡೆದುಕೊಳ್ಳುವ ನೋವು ಇದಲ್ಲ. ಹಿಡಿದಪ್ಪಿದಂತಿರುವ ಬಿಗಿ ಮಾತ್ರ ಒಗ್ಗುವಂಥದ್ದು. ಮೊದಲ ದಿನ ಎರಡು ಮೂರು ಗಂಟೆ ಹಾಕಿ, ದಿನಕ್ಕೆ ಒಂದೆರಡು ಗಂಟೆ ಹೆಚ್ಚಿಸುತ್ತ ವಾರದಲ್ಲಿ ಇಡೀ ಹಗಲಿಗೆ ತನ್ನಿ. ವೈದ್ಯರು ಬೇರೆ ಹೇಳದಿದ್ದರೆ ರಾತ್ರಿ ಮಲಗುವಾಗ ಬಿಚ್ಚಿ, ಹಿಮ್ಮಡಿ, ಮೂಳೆಯ ಏಣು, ಬೆರಳ ಸಂದಿ ನೋಡಿ, ಮಾಯಿಶ್ಚರೈಸರ್ ಹಚ್ಚಿ ಮಲಗಿ.

ಮಳೆಗಾಲ, ಗಂಬೂಟು, ಜಿಗಣೆ

ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಸಾಕ್ಸಿನ ಶತ್ರು ತೇವ. ಗಂಬೂಟಿನೊಳಗೆ ಗಾಳಿಯಿಲ್ಲ, ಬೆವರು ಹೊರಹೋಗುವುದಿಲ್ಲ, ಒದ್ದೆ ಕಂಪ್ರೆಷನ್ ಸಾಕ್ಸ್ ಎಂಟು ಗಂಟೆ ಚರ್ಮಕ್ಕೆ ಒತ್ತಿಕೊಂಡಿದ್ದರೆ ಬೆರಳ ಸಂದಿ ಬೆಳ್ಳಗಾಗಿ ಒಡೆದು ಶಿಲೀಂಧ್ರ ಸೋಂಕು ಹತ್ತುತ್ತದೆ. ಆ ಬಿರುಕೇ ಮುಂದೆ ಕಾಲು ಕೆಂಪಗೆ ಊದಿ ಜ್ವರ ಬರಲು ದಾರಿ. ಹಾಗಾಗಿ ಬೆರಳು ತೆರೆದ ಸಾಕ್ಸ್, ಅದರ ಮೇಲೆ ತೆಳು ಹತ್ತಿ ಸಾಕ್ಸ್, ಆಮೇಲೆ ಬೂಟು. ಮಧ್ಯಾಹ್ನ ಊಟಕ್ಕೆ ಬಂದಾಗ ಬೂಟು ಮತ್ತು ಹತ್ತಿ ಸಾಕ್ಸ್ ಕಳಚಿ ಸಂದಿ ಒರೆಸಿ, ಒಣ ಹತ್ತಿ ಸಾಕ್ಸ್ ಬದಲಾಯಿಸಿ. ಬೂಟಿನ ಬಾಯಿ ಮೀನಖಂಡಕ್ಕೆ ಬಿಗಿಯಾಗಿದ್ದರೆ ಸಾಕ್ಸ್ ಮಾಡಿದ ಕೆಲಸವನ್ನು ಅದು ಕೆಡಿಸುತ್ತದೆ. ಎರಡು ಬೆರಳು ಸಲೀಸಾಗಿ ತೂರುವಷ್ಟು ಅಗಲವಿರಲಿ.

ಜಿಗಣೆ ಕಚ್ಚಿದರೆ ಅದರ ಜೊಲ್ಲಿನ ಅಂಶದಿಂದ ರಕ್ತ ಹೆಪ್ಪುಗಟ್ಟದೆ ಬಹಳ ಹೊತ್ತು ಒಸರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಇನ್ನೂ ಹೆಚ್ಚು. ಕಚ್ಚಿದ ಜಾಗವನ್ನು ಸೋಪುನೀರಿನಲ್ಲಿ ತೊಳೆದು, ಒಣ ಬಟ್ಟೆಯಿಂದ ಒತ್ತಿಹಿಡಿದು, ಸಣ್ಣ ಪಟ್ಟಿ ಹಾಕಿ. ತುರಿಸಿ ಗೀರಿದರೆ ಊದಿದ ಕಾಲಿನಲ್ಲಿ ಆ ಗಾಯ ಬೇಗ ಮಾಯುವುದಿಲ್ಲ. ದಿನದ ಕೊನೆಯಲ್ಲಿ ಸಾಕ್ಸ್ ಬಿಚ್ಚಿದಾಗ ಇದನ್ನೂ ಹುಡುಕಿ. ಉಬ್ಬಿದ ನರವೇ ಒಡೆದು ರಕ್ತ ಚಿಮ್ಮಿದರೆ ಗಾಬರಿಯಾಗದೆ ಅಲ್ಲೇ ಮಲಗಿ, ಕಾಲನ್ನು ಎತ್ತರಕ್ಕೆ ಎತ್ತಿ, ಬಟ್ಟೆಯಿಂದ ಒತ್ತಿಹಿಡಿದು, ಆಸ್ಪತ್ರೆಗೆ ಹೋಗಿ. ನಿಂತೇ ಇದ್ದರೆ ರಕ್ತ ನಿಲ್ಲುವುದಿಲ್ಲ.

ಮಳೆಗಾಲದ ಅಡುಗೆಯಲ್ಲಿ ಉಪ್ಪಿನಕಾಯಿ, ಒಣಮೀನು ಜಾಸ್ತಿ. ಉಪ್ಪು ನೀರನ್ನು ಹಿಡಿದಿಡುತ್ತದೆ, ಸಾಕ್ಸ್ ಹಾಕಿಯೂ ಊತ ಇಳಿಯದವರು ಮೊದಲು ಅಲ್ಲಿ ಕೈಯಿಡಲಿ.

ಒಗೆಯುವುದು, ಒಣಗಿಸುವುದು

ದಿನವೂ ಒಗೆಯಬೇಕು. ಬರೀ ಶುಚಿಗಾಗಿ ಅಲ್ಲ, ಹಿಗ್ಗಿದ ನೂಲು ಒಗೆದಾಗ ಮತ್ತೆ ಕುಗ್ಗಿ ಬಿಗಿ ಮರಳುತ್ತದೆ. ಉಗುರುಬೆಚ್ಚಗಿನ ನೀರು, ಮೃದು ಸೋಪು, ಕೈಯಿಂದ ಹಿಸುಕಿದರೆ ಸಾಕು. ಬ್ರಷ್, ಬ್ಲೀಚ್, ಬಟ್ಟೆಯ ಕಂಡೀಷನರ್ ಬೇಡ. ತಿರುಚಿ ಹಿಂಡಬೇಡಿ. ಒಣ ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿದರೆ ಅರ್ಧ ನೀರು ಹೋಗುತ್ತದೆ. ಆಮೇಲೆ ಫ್ಯಾನಿನ ಕೆಳಗೆ ಹರಡಿ.

ಮಳೆಗಾಲದಲ್ಲಿ ಬಟ್ಟೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ರೂಢಿಗೆ ಈ ಸಾಕ್ಸ್ ಬಲಿಯಾಗಬಾರದು. ಆ ಶಾಖಕ್ಕೆ ಎಲಾಸ್ಟಿಕ್ ನೂಲು ಸತ್ತು, ಹೊರಗಿನಿಂದ ಹೊಸದರಂತೆ ಕಂಡರೂ ಒತ್ತಡ ಉಳಿದಿರುವುದಿಲ್ಲ. ಹೀಟರ್, ಇಸ್ತ್ರಿಪೆಟ್ಟಿಗೆ, ಕಾಫಿ ಕಣದ ನೆತ್ತಿಯ ಬಿಸಿಲು – ಎಲ್ಲಕ್ಕೂ ಇದೇ ಮಾತು. ಬೇಸಿಗೆಯಲ್ಲಿ ಎರಡು ಜೋಡಿ ಸಾಕು. ಮಳೆಗಾಲಕ್ಕೆ ಮೂರು ಇಟ್ಟುಕೊಳ್ಳಿ, ಒಂದು ಕಾಲಿನಲ್ಲಿ, ಎರಡು ಒಣಗುತ್ತ. ಮೂರನೆಯದನ್ನು ಮೇ ತಿಂಗಳಲ್ಲೇ ಕೊಳ್ಳಿ.

ರಾತ್ರಿ ಬಸ್ಸು

ಕೊಡಗಿನಿಂದ ಹೊರಗೆ ಹೋಗುವುದೆಂದರೆ ರಸ್ತೆಯೇ ಗತಿ. ಮಡಿಕೇರಿಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ. ಕಾಲು ಮಡಚಿ ಕೂರಬೇಕು. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಏರುತ್ತದೆ. ಹಿಂದೆ ಹೆಪ್ಪುಗಟ್ಟಿದವರು, ಬಾಣಂತಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳಿ 15–20ರ ಸಾಕ್ಸ್ ಹಾಕಿ ಹೊರಡಲಿ. ಮನೆಯಿಂದಲೇ ಹಾಕಿಕೊಂಡು ಬನ್ನಿ, ಬಸ್ಸಿನಲ್ಲಿ ಹಾಕಲಾಗುವುದಿಲ್ಲ. ಹಿಮ್ಮಡಿ ಊರಿ ಬೆರಳೆತ್ತುವುದು, ಬೆರಳೂರಿ ಹಿಮ್ಮಡಿ ಎತ್ತುವುದು, ಹೀಗೆ ಅರ್ಧ ಗಂಟೆಗೊಮ್ಮೆ 20 ಸಲ ಮಾಡಿ. ಬಸ್ಸು ನಿಂತಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆಯಿರಿ.

ಯಾವಾಗ ಬದಲಾಯಿಸಬೇಕು

ದಿನವೂ ಹಾಕಿದರೆ ಒಂದು ಜೋಡಿ ಮೂರರಿಂದ ಆರು ತಿಂಗಳು ಬಾಳುತ್ತದೆ. ಹರಿಯುವವರೆಗೆ ಕಾಯಬಾರದು. ಮೊದಲು ಒದ್ದಾಡಿ ಹಾಕುತ್ತಿದ್ದದ್ದು ಈಗ ಸಲೀಸಾಗಿ ಏರುತ್ತಿದ್ದರೆ, ಮಧ್ಯಾಹ್ನಕ್ಕೆ ಕಣಕಾಲಿನಲ್ಲಿ ಸುಕ್ಕುಗಟ್ಟಿದರೆ, ಹಿಮ್ಮಡಿಯ ನೂಲು ತೆಳುವಾಗಿ ಬೆಳಕು ಕಂಡರೆ ಅದರ ಕೆಲಸ ಮುಗಿದಿದೆ. ಕೊಂಡ ತಾರೀಕನ್ನು ಪೆಟ್ಟಿಗೆಯ ಮೇಲೆ ಬರೆದಿಡಿ. ಹೊಸ ಜೋಡಿ ತರುವಾಗ ಹಳೆಯ ಚೀಟಿ ನಂಬಬೇಡಿ. ಸಾಕ್ಸಿನಿಂದಲೇ ಊತ ಇಳಿದು ಕಣಕಾಲು ಸಣ್ಣಗಾಗಿರುತ್ತದೆ, ಬೆಳಿಗ್ಗೆ ಮತ್ತೆ ಟೇಪು ಹಿಡಿಯಿರಿ. ಸಕ್ಕರೆ ಕಾಯಿಲೆಯವರೂ ಅಪಧಮನಿ ತೊಂದರೆಯ ಅನುಮಾನ ಇರುವವರೂ ವರ್ಷಕ್ಕೊಮ್ಮೆಯಾದರೂ ಎಬಿಐಯನ್ನು ಮತ್ತೆ ನೋಡಿಸಿ. ಹೋದ ವರ್ಷ ಹೊಂದಿದ ಒತ್ತಡ ಈ ವರ್ಷದ ಕಾಲಿಗೆ ಹೆಚ್ಚಾಗಿರಬಹುದು.